ನೇರ ಬ್ಯಾಟ್, ಅಡ್ಡ ಬ್ಯಾಟ್

2008ರ ಏಪ್ರಿಲ್ 18. ಚಿನ್ನಸ್ವಾಮಿ ಸ್ಟೇಡಿಯಂ. ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ನಿಮ್ಮಲ್ಲಿ ಎಷ್ಟು ಜನ ಅವತ್ತು ಟಿವಿ ಮುಂದೆ ಕೂತಿದ್ದಿರಿ? ಪರವಾಗಿಲ್ಲ, ಬಹಳ ಕೈ ಮೇಲೆದ್ದವು. ನಾನು ಸ್ಟ್ಯಾಂಡಿನಲ್ಲೇ ಇದ್ದೆ. ಯಾರೋ ಕೊಟ್ಟ ಪಾಸು.

ಬೆಂಗಳೂರು ತಂಡಕ್ಕೆ ರಾಹುಲ್ ದ್ರಾವಿಡ್ ನಾಯಕ. ಜೊತೆಗೆ ವಾಸಿಂ ಜಾಫರ್, ಜಾಕ್ ಕಾಲಿಸ್. ಐದು ದಿನ ಬ್ಯಾಟ್ ಮಾಡಿ ಅಂದರೆ ಆರನೇ ದಿನಕ್ಕೂ ತಯಾರಾಗಿ ಬರುವಂಥವರು. ಟಾಸ್ ಗೆದ್ದ ದ್ರಾವಿಡ್ ಫೀಲ್ಡಿಂಗ್ ತೆಗೆದುಕೊಂಡರು. ಆಮೇಲೆ ಎದುರಿನ ಕೋಲ್ಕತ್ತ ತಂಡದ ಬ್ರೆಂಡನ್ ಮೆಕಲಂ ಬಂದ. 73 ಎಸೆತ, 158 ರನ್, 13 ಸಿಕ್ಸರ್. ಕೊನೆವರೆಗೂ ಔಟೇ ಆಗಲಿಲ್ಲ. ನಮ್ಮವರು ಹನ್ನೊಂದು ಜನ ಸೇರಿ ಮಾಡಿದ್ದು 82. ಅವನೊಬ್ಬನ ಅರ್ಧಕ್ಕಿಂತ ಮೂರೇ ರನ್ ಜಾಸ್ತಿ.

ನನ್ನ ಪಕ್ಕದಲ್ಲಿ ಒಬ್ಬ ಹಿರಿಯರು ಕೂತಿದ್ದರು. 1974ರಲ್ಲಿ ಇದೇ ಮೈದಾನದಲ್ಲಿ ನಡೆದ ಮೊದಲ ಟೆಸ್ಟ್ ನೋಡಿದವರಂತೆ. ಹತ್ತನೇ ಓವರ್ ತನಕ ಸುಮ್ನೆ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಇದು ಕ್ರಿಕೆಟ್ಟಲ್ಲಪ್ಪ, ಚಿನ್ನಿದಾಂಡು" ಅಂದರು. ನಮ್ಮ ತಂಡದ ಮೂರನೇ ವಿಕೆಟ್ ಬೀಳುವ ಹೊತ್ತಿಗೆ ಎದ್ದು ಹೊರಟೇ ಹೋದರು. ಅವರ ಹೆಸರು ಕೇಳಲಿಲ್ಲ. ಆದರೆ ಅವತ್ತಿನಿಂದ ಇವತ್ತಿನವರೆಗೂ ನಾನು ಮನಸ್ಸಿನಲ್ಲೇ ಅವರ ಜೊತೆ ವಾದ ಮಾಡುತ್ತಾ ಇದ್ದೇನೆ. ಇವತ್ತು ಅದನ್ನೇ ನಿಮ್ಮ ಮುಂದೆ ಸ್ವಲ್ಪ ಗಟ್ಟಿಯಾಗಿ ಮಾಡುತ್ತೇನೆ, ಅಷ್ಟೇ. ದ್ರಾವಿಡ್, ಮೆಕಲಂ ಇಬ್ಬರನ್ನೂ ನೆನಪಿಟ್ಟುಕೊಂಡಿರಿ. ಮತ್ತೆ ಬರುತ್ತಾರೆ.

"ಇದು ಕ್ರಿಕೆಟ್ಟಲ್ಲ" ಅನ್ನುವ ಮಾತಿಗೆ ಎಷ್ಟು ವಯಸ್ಸಾಗಿರಬಹುದು ಹೇಳಿ? ಕ್ರಿಕೆಟ್ಟಿಗೆ ಎಷ್ಟು ವಯಸ್ಸೋ ಹೆಚ್ಚು ಕಡಿಮೆ ಅಷ್ಟೇ.

1771. ಇಂಗ್ಲೆಂಡಿನಲ್ಲಿ ಚೆರ್ಟ್ಸಿ ಮತ್ತು ಹ್ಯಾಂಬಲ್ಡನ್ ತಂಡಗಳ ಪಂದ್ಯ. ಥಾಮಸ್ ವೈಟ್ ಅನ್ನುವವನು ಒಂದು ಬ್ಯಾಟ್ ಹಿಡಿದು ಬಂದ. ಅದರ ಅಗಲ ವಿಕೆಟ್ಟಿನಷ್ಟೇ ಇತ್ತು. ಬಾಗಿಲು ಕಿತ್ತುಕೊಂಡು ಬಂದು ನಿಂತ ಹಾಗೆ. ಬೌಲ್ಡ್ ಮಾಡೋದಾದರೂ ಹೇಗೆ? ಹ್ಯಾಂಬಲ್ಡನ್‌ನವರು ಗಲಾಟೆ ಮಾಡಿದರು. ಬ್ಯಾಟಿನ ಅಗಲ ನಾಲ್ಕೂಕಾಲು ಇಂಚು ಮೀರಬಾರದು ಅಂತ ಆಯಿತು. ಇವತ್ತು ನಿಮ್ಮ ಮಗನಿಗೆ ಅಂಗಡಿಯಲ್ಲಿ ಕೊಡಿಸುವ ಬ್ಯಾಟಿಗೂ ಅದೇ ಲೆಕ್ಕ. 250 ವರ್ಷ ದಾಟಿದರೂ ಬದಲಾಗಿಲ್ಲ.

ಅದಾದ ನಾಲ್ಕೇ ವರ್ಷಕ್ಕೆ ಇನ್ನೊಂದು. ಆಗ ಸ್ಟಂಪ್ ಎರಡೇ. ಲಂಪಿ ಸ್ಟೀವನ್ಸ್ ಅಂತ ಒಬ್ಬ ಬೌಲರ್, ಕಸುಬಿನಲ್ಲಿ ತೋಟದ ಮಾಲಿ. ಒಂದು ಪಂದ್ಯದಲ್ಲಿ ಅವನು ಜಾನ್ ಸ್ಮಾಲ್‌ಗೆ ಹಾಕಿದ ಚೆಂಡು ಎರಡು ಸ್ಟಂಪಿನ ನಡುವೆ ತೂರಿ ಹೋಯಿತು. ಒಂದು ಸಲ ಅಲ್ಲ, ಮೂರು ಸಲ. ಸ್ಟಂಪಿನ ಮೇಲಿಟ್ಟ ಬೇಲ್ ಬೀಳಲಿಲ್ಲ, ಹಾಗಾಗಿ ಔಟೂ ಇಲ್ಲ. ಪಾಪ, ಲಂಪಿಯ ಹೊಟ್ಟೆ ಎಷ್ಟು ಉರಿದಿರಬೇಡ. ಆಮೇಲೆ ಮಧ್ಯಕ್ಕೆ ಮೂರನೇ ಸ್ಟಂಪ್ ಬಂತು. ಮಿಡ್ಲ್ ಸ್ಟಂಪ್ ಇಲ್ಲದ ಕ್ರಿಕೆಟ್ ಇವತ್ತು ಯೋಚಿಸಲಿಕ್ಕೂ ಆಗಲ್ಲ, ಅಲ್ವಾ? ಅದೂ ಒಂದು ಹೊಸ ಬದಲಾವಣೆಯೇ. ಅದನ್ನು ನೋಡಿ ಮೂಗು ಮುರಿದ ಹಿರಿಯರು ಆಗಲೂ ಇದ್ದೇ ಇರುತ್ತಾರೆ.

ಬೌಲಿಂಗ್ ಕಥೆ ಇನ್ನೂ ಮಜವಾಗಿದೆ. ಮೊದಲು ಚೆಂಡನ್ನು ಕೈ ಕೆಳಗಿಟ್ಟುಕೊಂಡೇ ಹಾಕಬೇಕಿತ್ತು. 1822ರಲ್ಲಿ ಲಾರ್ಡ್ಸ್‌ನಲ್ಲಿ ಜಾನ್ ವಿಲ್ಸ್ ಕೈಯನ್ನು ಪಕ್ಕಕ್ಕೆ ಬೀಸಿ ಹಾಕಿದ. ಅಂಪೈರ್ ನೋ ಬಾಲ್ ಅಂದರು. ಅವನು ಸಿಟ್ಟಿನಿಂದ ಹೊರನಡೆದು, ಕುದುರೆ ಹತ್ತಿ ಹೊರಟೇ ಹೋದನಂತೆ. ಆ ಬೌಲಿಂಗ್ ಪೂರ್ತಿಯಾಗಿ ಕಾನೂನುಬದ್ಧ ಆಗಿದ್ದು 1835ರಲ್ಲಿ. ಆಮೇಲೆ ಕೈ ಭುಜದ ಮೇಲಕ್ಕೆ ಹೋಯಿತು. 1862ರಲ್ಲಿ ಎಡ್ಗರ್ ವಿಲ್ಶರ್‌ಗೆ ಓವಲ್‌ನಲ್ಲಿ ಮತ್ತೆ ನೋ ಬಾಲ್, ಮತ್ತೆ ಗಲಾಟೆ. 1864ರಲ್ಲಿ ಅದಕ್ಕೂ ಒಪ್ಪಿಗೆ ಸಿಕ್ಕಿತು. ಅಂದರೆ ಇವತ್ತು ನಾವು ಮಕ್ಕಳಿಗೆ "ಕೈ ಕಿವಿ ಪಕ್ಕದಲ್ಲಿ ಬರಲಿ" ಅಂತ ಹೇಳಿಕೊಡುತ್ತೇವಲ್ಲ, ಅದು ಒಂದು ಕಾಲದ ಶುದ್ಧ ಕಳ್ಳಾಟ.

ಇಷ್ಟು ಹೇಳಿದರೆ ಆ ಹಿರಿಯರು ಸೋತರು ಅಂತ ನೀವು ಅಂದುಕೊಳ್ಳಬಹುದು. ಇಲ್ಲ. ಹೊಸದೆಲ್ಲ ಉಳಿದಿಲ್ಲ. ಬಾಗಿಲಿನಂಥ ಬ್ಯಾಟ್ ಉಳಿಯಲಿಲ್ಲ. 1979ರ ಡಿಸೆಂಬರಿನಲ್ಲಿ ಪರ್ತ್‌ನಲ್ಲಿ ಡೆನ್ನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟ್ ಹಿಡಿದು ಬಂದ, ಅದೂ ಉಳಿಯಲಿಲ್ಲ. ಚೆಂಡು ಹಾಳಾಗುತ್ತೆ ಅಂತ ಇಂಗ್ಲೆಂಡ್ ನಾಯಕ ಮೈಕ್ ಬ್ರಿಯರ್ಲಿ ದೂರು ಕೊಟ್ಟರು. ಕೊನೆಗೆ ಲಿಲ್ಲಿ ಆ ಬ್ಯಾಟನ್ನು ಎತ್ತಿ ಮೈದಾನದಲ್ಲೇ ಎಸೆದ. ಮುಂದೆ ಬ್ಯಾಟಿನ ಹಲಗೆ ಮರದ್ದೇ ಆಗಿರಬೇಕು ಅಂತ ನಿಯಮ ಬಂತು.

ಹಾಗಾದರೆ ಕೈ ಮೇಲೆತ್ತಿ ಹಾಕುವುದು ಉಳಿಯಿತು, ಅಗಲ ಬ್ಯಾಟ್ ಹೋಯಿತು. ಯಾಕೆ? ನನಗೆ ಹೊಳೆದ ಉತ್ತರ ಒಂದೇ. ಹೊಸ ಆಟ ಬಂದಾಗ ಎದುರಿಗಿರುವವನಿಗೆ ಉತ್ತರ ಕೊಡುವ ದಾರಿ ಇದೆಯಾ? ಇದ್ದರೆ ಅದು ಉಳಿಯುತ್ತೆ. ಇವತ್ತಲ್ಲ ನಾಳೆ ಎಲ್ಲರೂ ಕಲಿಯುತ್ತಾರೆ. ದಾರಿಯೇ ಮುಚ್ಚಿದ್ದರೆ ಅದನ್ನು ಕಿತ್ತು ಹಾಕಲೇಬೇಕಾಗುತ್ತೆ. ಬಾಗಿಲಿನ ಮುಂದೆ ಬೌಲರ್ ಏನು ತಾನೇ ಮಾಡುತ್ತಾನೆ?

ಗೂಗ್ಲಿ ತೆಗೆದುಕೊಳ್ಳಿ. ಬರ್ನಾರ್ಡ್ ಬೋಸಾಂಕ್ವೆ ಅದನ್ನು ಕಂಡುಹಿಡಿದಿದ್ದು ಮೈದಾನದಲ್ಲಿ ಅಲ್ಲ, ಮೇಜಿನ ಮೇಲೆ. ಟೆನ್ನಿಸ್ ಬಾಲನ್ನು ಮೇಜಿನ ಮೇಲೆ ಪುಟಿಸಿ, ಆಚೆ ತುದಿಯಲ್ಲಿ ಕೂತವನ ಕೈಗೆ ಸಿಗದ ಹಾಗೆ ತಿರುಗಿಸುವ ಆಟ. ಮನೆಯಲ್ಲಿ ಮಳೆ ಬಂದಾಗ ನಾವೂ ಇಂಥದ್ದು ಎಷ್ಟು ಆಡಿಲ್ಲ! ಅದರಿಂದ, ಲೆಗ್ ಸ್ಪಿನ್ನಿನ ಕೈಯಲ್ಲೇ ಉಲ್ಟಾ ತಿರುಗುವ ಆಫ್ ಸ್ಪಿನ್ ಹಾಕುವುದು ಅವನಿಗೆ ಸಿದ್ಧಿಸಿತು. 1900ರಲ್ಲಿ ಲಾರ್ಡ್ಸ್‌ನಲ್ಲಿ ಅದರಿಂದ ಮೊದಲ ವಿಕೆಟ್. ಚೆಂಡು ನಾಲ್ಕು ಪಿಚ್ ಬಿದ್ದು ಹೋಗಿತ್ತಂತೆ. 98 ಹೊಡೆದಿದ್ದ ಬ್ಯಾಟ್ಸ್‌ಮನ್ ಸ್ಟಂಪ್ ಔಟ್. ಮೋಸ ಅಂತ ಜನ ಬೈದರು. ಆದರೆ ಅದನ್ನು ನಿಲ್ಲಿಸಲು ಕಾನೂನು ಬೇಕಾಗಲಿಲ್ಲ. ಬ್ಯಾಟ್ಸ್‌ಮನ್‌ಗಳು ಬೌಲರಿನ ಮಣಿಕಟ್ಟು ನೋಡಲು ಕಲಿತರು. ದಕ್ಷಿಣ ಆಫ್ರಿಕಾದವರಂತೂ ಒಂದು ಹೆಜ್ಜೆ ಮುಂದೆ ಹೋಗಿ, ಅದೇ ವಿದ್ಯೆಯ ನಾಲ್ಕು ಬೌಲರ್‌ಗಳನ್ನು ಕಟ್ಟಿಕೊಂಡು 1905-06ರ ಸರಣಿಯಲ್ಲಿ ಇಂಗ್ಲೆಂಡನ್ನೇ 4-1ರಿಂದ ಸೋಲಿಸಿದರು.

ಗೂಗ್ಲಿ ಅಂದ ಮೇಲೆ ನಮ್ಮ ಚಂದ್ರಶೇಖರ್ ಬಗ್ಗೆ ಎರಡು ಮಾತಾಡದೆ ಮುಂದೆ ಹೋದರೆ ನೀವೇ ಬಿಡಲ್ಲ. ಚಿಕ್ಕ ವಯಸ್ಸಿನಲ್ಲಿ ಪೋಲಿಯೊ ಆಗಿ ಬಲಗೈ ಸೊರಗಿತ್ತು. ಫೀಲ್ಡಿಂಗಿನಲ್ಲಿ ಚೆಂಡು ಎಸೆಯುತ್ತಿದ್ದದ್ದು ಎಡಗೈಯಲ್ಲಿ. ಅದೇ ಬಡಕಲು ಬಲಗೈಯಿಂದ ಸ್ಪಿನ್ ಹಾಕುತ್ತಿದ್ದರು, ಅದೂ ಮಧ್ಯಮ ವೇಗಿಯ ವೇಗದಲ್ಲಿ. ಯಾವ ಕೋಚಿಂಗ್ ಪುಸ್ತಕದಲ್ಲೂ ಆ ಪಾಠ ಇರಲಿಲ್ಲ. 1971ರ ಓವಲ್ ಟೆಸ್ಟಿನಲ್ಲಿ 38 ರನ್ನಿಗೆ 6 ವಿಕೆಟ್. ಇಂಗ್ಲೆಂಡ್ 101ಕ್ಕೆ ಆಲೌಟ್. ಅಲ್ಲಿ ಭಾರತದ ಮೊಟ್ಟಮೊದಲ ಟೆಸ್ಟ್ ಗೆಲುವು. ಆ ವರ್ಷ ಅಲ್ಲಿನ ಡರ್ಬಿ ಗೆದ್ದ ಕುದುರೆಯ ಹೆಸರು ಮಿಲ್ ರೀಫ್. ಜಾನ್ ಎಡ್ರಿಚ್ ಬ್ಯಾಟ್ ಮಾಡುತ್ತಿದ್ದಾಗ ದಿಲೀಪ್ ಸರ್‌ದೇಸಾಯಿ ಬಂದು, ಇವನಿಗೊಂದು ಮಿಲ್ ರೀಫ್ ಹಾಕು ಅಂದರಂತೆ. ಚಂದ್ರ ಜೋರಾಗಿ ಒಂದು ಹಾಕಿದರು. ಎಡ್ರಿಚ್ ಬ್ಯಾಟ್ ಇಳಿಸುವಷ್ಟರಲ್ಲಿ ಸ್ಟಂಪ್ ಹೋಗಿತ್ತು. ಇನ್ನೊಂದು ವಿಷಯ. ಟೆಸ್ಟಿನಲ್ಲಿ ಚಂದ್ರ ತೆಗೆದ ವಿಕೆಟ್ 242, ಹೊಡೆದ ರನ್ 167. ನಗಬೇಡಿ, ನನ್ನ ಲೀಗ್ ಬ್ಯಾಟಿಂಗ್ ಲೆಕ್ಕ ಅದಕ್ಕಿಂತ ಕೆಟ್ಟದಾಗಿದೆ.

ಕುಂಬ್ಳೆ ಬಂದಾಗಲೂ ಅಷ್ಟೇ. ಲೆಗ್ ಸ್ಪಿನ್ನರ್ ಅಂತೆ, ಆದರೆ ಚೆಂಡು ತಿರುಗೋದೇ ಇಲ್ಲ ಅಂತ ದೂರು. ನಾನೂ ಹಾಗೆ ಹೇಳಿದವನೇ, ಸುಳ್ಳು ಯಾಕೆ ಹೇಳಲಿ. ಲೆಗ್ ಸ್ಪಿನ್ ಅಂದರೆ ಚೆಂಡು ಗಾಳಿಯಲ್ಲಿ ತೇಲಿ, ಇಳಿದು, ಅಗಲವಾಗಿ ತಿರುಗಬೇಕು ಅಂತ ನಮ್ಮ ತಲೆಯಲ್ಲಿ ಕೂತಿತ್ತು. ಅವರು ಎತ್ತರದ ಮನುಷ್ಯ. ಮೇಲಿಂದ ಜೋರಾಗಿ ಹಾಕಿ ಪುಟಿಸುತ್ತಿದ್ದರು. ಬ್ಯಾಟಿನ ಅಂಚು ಸವರಲು, ಪ್ಯಾಡಿಗೆ ತಾಗಲು ಒಂದಡಿ ತಿರುವು ಬೇಕಾಗಿಲ್ಲ, ಎರಡು ಇಂಚು ಸಾಕು. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್. ಟೆಸ್ಟ್ ಜೀವನದಲ್ಲಿ ಒಟ್ಟು 619 ವಿಕೆಟ್. ನಾನು ಬಾಯಿ ಮುಚ್ಚಿಕೊಂಡೆ.

ಬಾಯಿ ಮುಚ್ಚಿದ್ದು ಶಾಶ್ವತವಾಗಿ ಅಲ್ಲ, ಯಾಕಂದರೆ ಅದೇ ತಪ್ಪನ್ನು ಮತ್ತೆ ಮಾಡಿದೆ. ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕೋಚಿಂಗ್ ಕೊಡುತ್ತೇನೆ. ಒಬ್ಬ ಹನ್ನೆರಡು ವರ್ಷದ ಹುಡುಗ ನೆಟ್ಸಿನಲ್ಲಿ ಮಂಡಿ ಬಗ್ಗಿಸಿ ಕೂತು, ಚೆಂಡನ್ನು ತಲೆ ಮೇಲಿಂದ ಕೀಪರ್ ಹಿಂದಕ್ಕೆ ಎತ್ತಿ ಹಾಕುತ್ತಿದ್ದ. 2009ರ ಟಿ20 ವಿಶ್ವಕಪ್‌ನಲ್ಲಿ ದಿಲ್ಶಾನ್ ಹೊಡೆದು ದಿಲ್‌ಸ್ಕೂಪ್ ಅಂತ ಹೆಸರಾಯಿತಲ್ಲ, ಅದು. ನಾನು ಕೂಗಿದೆ: "ಲೋ, ಹಲ್ಲು ಉದುರಿಸಿಕೊಳ್ಳಬೇಕಾ? ನೇರ ಬ್ಯಾಟಲ್ಲಿ ಆಡೋ."

ಅವನು ಹೆಲ್ಮೆಟ್ ತೆಗೆದು, "ಸರ್, ಫೀಲ್ಡರ್ ಇಲ್ಲದ ಕಡೆ ಹೊಡೀರಿ ಅಂತ ನೀವೇ ಅಲ್ವಾ ಹೇಳಿದ್ದು? ಕೀಪರ್ ಹಿಂದೆ ಯಾರೂ ಇಲ್ಲ ಸರ್" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಸರಿ, ಇನ್ನೊಂದು ಆಡು ನೋಡೋಣ ಅಂದೆ. ಈ ಸಲ ಬೈಯುವ ಕಣ್ಣಿನಿಂದ ನೋಡಲಿಲ್ಲ, ಕೋಚ್ ಕಣ್ಣಿನಿಂದ ನೋಡಿದೆ. ತಲೆ ಅಲುಗಲಿಲ್ಲ. ಕಣ್ಣು ಚೆಂಡಿನ ಮೇಲೇ ಇತ್ತು, ಬ್ಯಾಟಿಗೆ ತಾಗುವ ತನಕ. ಮುಂದಿನ ಮಂಡಿ ಬಗ್ಗಿ ಮೈಭಾರ ಕೆಳಗಿತ್ತು. ಕೈ ಬಿಗಿ ಹಿಡಿದಿರಲಿಲ್ಲ. ಚೆಂಡಿನ ವೇಗವೇ ಚೆಂಡನ್ನು ಒಯ್ಯಲಿ ಅಂತ ಬಿಟ್ಟಿದ್ದ. ಈ ನಾಲ್ಕೂ ನಾನು ಅವನಿಗೆ ಫಾರ್ವರ್ಡ್ ಡಿಫೆನ್ಸ್ ಕಲಿಸುವಾಗ ಹೇಳಿದ ಮಾತುಗಳೇ! ಅವನು ನನ್ನ ಪಾಠವನ್ನು ಬಿಟ್ಟಿರಲಿಲ್ಲ. ಬೇರೆ ದಿಕ್ಕಿಗೆ ತಿರುಗಿಸಿದ್ದ ಅಷ್ಟೇ. ಇನ್ನೊಬ್ಬ ಹುಡುಗ ಟಿವಿ ನೋಡಿ ಅದನ್ನೇ ಮಾಡಲು ಹೋದ. ಅವನಿಗೆ ಡಿಫೆನ್ಸೇ ಬರುತ್ತಿರಲಿಲ್ಲ. ಚೆಂಡು ನೇರ ಹೆಲ್ಮೆಟ್ ಗ್ರಿಲ್ಲಿಗೆ.

ಮೊದಲನೆಯವನಿಗೂ ಉತ್ತರ ಸಿಕ್ಕಿತು, ಅದನ್ನೂ ಹೇಳಬೇಕು. ತಿಂಗಳ ನಂತರ ಒಂದು ಪಂದ್ಯದಲ್ಲಿ ಅವನು ಬೇಗ ಕೂತುಬಿಟ್ಟ. ಎದುರಿನ ಬೌಲರ್ ಚುರುಕು ಹುಡುಗ. ಅದನ್ನು ನೋಡಿ ನಿಧಾನಕ್ಕೆ, ಕಾಲ ಬುಡಕ್ಕೆ ಯಾರ್ಕರ್ ಹಾಕಿದ. ಬೌಲ್ಡ್. ನಾನು ಚಪ್ಪಾಳೆ ಹೊಡೆದೆ, ಎದುರು ತಂಡಕ್ಕೆ.

ಆದರೆ ಎಲ್ಲ ಹೊಸ ಹೊಡೆತದಲ್ಲೂ ಲೆಕ್ಕ ಹೀಗೆ ಸಮ ಇರಲ್ಲ. ಸ್ವಿಚ್ ಹಿಟ್ ನೋಡಿ. 2008ರ ಜೂನ್‌ನಲ್ಲಿ ಕೆವಿನ್ ಪೀಟರ್ಸನ್ ನ್ಯೂಜಿಲೆಂಡಿನ ಸ್ಕಾಟ್ ಸ್ಟೈರಿಸ್ ಓಡಿ ಬರುತ್ತಿರುವಾಗಲೇ ಬಲಗೈ ಆಟಗಾರನಿಂದ ಎಡಗೈ ಆಟಗಾರನಾಗಿ ತಿರುಗಿ ಸಿಕ್ಸರ್ ಹೊಡೆದ, ಅದೂ ಎರಡು. ಕ್ರಿಕೆಟ್ ನಿಯಮ ಬರೆಯುವ ಲಂಡನ್ನಿನ ಕ್ಲಬ್ ಎಂಸಿಸಿ ಎರಡೇ ದಿನದಲ್ಲಿ, ತಪ್ಪಿಲ್ಲ ಆಡಿ ಅಂದಿತು. ಹೊಡೆತ ಕಷ್ಟದ್ದೇ, ನನಗೆ ಅದರ ಮೇಲೆ ಸಿಟ್ಟಿಲ್ಲ. ಸಿಟ್ಟಿರುವುದು ಎಲ್‌ಬಿಡಬ್ಲ್ಯು ನಿಯಮದ ಮೇಲೆ, ಅಂದರೆ ಸ್ಟಂಪಿಗೆ ಹೋಗುತ್ತಿದ್ದ ಚೆಂಡನ್ನು ಕಾಲಲ್ಲಿ ತಡೆದರೆ ಔಟ್ ಅನ್ನುವ ನಿಯಮ. ಲೆಗ್ ಸ್ಟಂಪಿನ ಹೊರಗೆ ಪಿಚ್ ಬಿದ್ದ ಚೆಂಡಿಗೆ ಎಲ್‌ಬಿಡಬ್ಲ್ಯು ಇಲ್ಲ. ಯಾವುದು ಲೆಗ್ ಅನ್ನೋದು ಬೌಲರ್ ಓಡಲು ಶುರು ಮಾಡಿದಾಗ ಬ್ಯಾಟರ್ ನಿಂತ ರೀತಿಯ ಮೇಲೆ. ಅವನು ಆಮೇಲೆ ತಿರುಗಿ ಎಡಗೈಯವನಾದರೂ ಹಳೆಯ ಲೆಗ್ಗೇ ಲೆಗ್. ಅಂದರೆ ಎಡಗೈಯವನ ಹಾಗೆ ಹೊಡೆಯಬಹುದು, ತಪ್ಪಿದರೆ ಬಲಗೈಯವನ ರಕ್ಷಣೆ. ಬೌಲರ್ ಮಾತ್ರ ಕೈ ಬದಲಿಸಬೇಕಾದರೆ ಮೊದಲೇ ಅಂಪೈರಿಗೆ ಹೇಳಬೇಕು. ಹೇಳದಿದ್ದರೆ ನೋ ಬಾಲ್. ನನ್ನ ಕೈಗೆ ಪುಸ್ತಕ ಕೊಟ್ಟರೆ, ತಿರುಗಿದವನಿಗೆ ಲೆಗ್ ಸ್ಟಂಪಿನ ಆಸರೆ ತೆಗೆದುಬಿಡುತ್ತೇನೆ.

ಬ್ಯಾಟಿನ ಕಥೆಯೂ ಹಾಗೇ. ನಮ್ಮ ಕಾಲದಲ್ಲಿ ಹೊಸ ಬ್ಯಾಟಿಗೆ ಅಗಸೆ ಎಣ್ಣೆ ಹಚ್ಚಿ, ಹಳೇ ಚೆಂಡನ್ನು ಕಾಲುಚೀಲದಲ್ಲಿ ಕಟ್ಟಿ ವಾರಗಟ್ಟಲೆ ಬಡಿಯುತ್ತಿದ್ದೆವು. ಅಮ್ಮ ಒಳಗಿಂದ ಕೂಗುತ್ತಿದ್ದರು, ಅದೇನೋ ಒನಕೆ ಕುಟ್ಟಿದ ಹಾಗೆ ಅಂತ. ಈಗ ಮರವನ್ನು ಚೆನ್ನಾಗಿ ಒಣಗಿಸುತ್ತಾರೆ. ತೂಕ ಅಷ್ಟೇ, ದಪ್ಪ ಮಾತ್ರ ಜಾಸ್ತಿ. ಅಂಚಿಗೆ ತಾಗಿದ್ದೂ ಸಿಕ್ಸರ್ ಹೋಗಲು ಶುರುವಾಯಿತು. 2017ರಲ್ಲಿ ಅಂಚು 40 ಮಿಲಿಮೀಟರ್, ದಪ್ಪ 67 ಮಿಲಿಮೀಟರ್ ಮೀರಬಾರದು ಅಂತ ಮಿತಿ ಹಾಕಿದರು. ಥಾಮಸ್ ವೈಟ್ ಅಗಲದಲ್ಲಿ ಮಾಡಿದ್ದನ್ನು ಇವರು ದಪ್ಪದಲ್ಲಿ ಮಾಡಲು ಹೊರಟಿದ್ದರು, ಅಷ್ಟೇ ವ್ಯತ್ಯಾಸ.

2024ರ ಏಪ್ರಿಲ್ 15. ಮತ್ತೆ ಚಿನ್ನಸ್ವಾಮಿ. ಹೈದರಾಬಾದ್ 287, ಬೆಂಗಳೂರು 262. ಒಂದೇ ರಾತ್ರಿ 549 ರನ್. ಮನೆಯಲ್ಲಿ ಮಗಳು ಕುಣಿಯುತ್ತಿದ್ದಳು. ನನಗೆ ನಿಜ ಹೇಳಬೇಕೆಂದರೆ ಹದಿನೈದನೇ ಓವರಿಗೆ ಆಕಳಿಕೆ ಬಂತು. ಬೌಲರ್‌ಗಳು ಬೌಲಿಂಗ್ ಮಷೀನ್ ಹಾಗೆ ಕಂಡರು. ಅವತ್ತು ಮಾತ್ರ ಆ ಹಿರಿಯರು ಪಕ್ಕದಲ್ಲಿ ಕೂತಿದ್ದರೆ ಅವರ ಕೈ ಕುಲುಕುತ್ತಿದ್ದೆ. ಅದೇ ವರ್ಷ ಐಪಿಎಲ್‌ನಲ್ಲಿ ಓವರಿಗೆ ಎರಡು ಬೌನ್ಸರ್ ಹಾಕಲು ಬಿಟ್ಟರು. ಬೌಲರಿಗೆ ಒಂದು ಕಿಟಕಿಯಾದರೂ ತೆರೆದರಲ್ಲ, ಒಳ್ಳೆಯದೇ.

ಈಗ ದ್ರಾವಿಡ್, ಮೆಕಲಂ. 2022ರಲ್ಲಿ ಮೆಕಲಂ ಇಂಗ್ಲೆಂಡ್ ಟೆಸ್ಟ್ ತಂಡದ ಕೋಚ್ ಆದ. ಭಾರತಕ್ಕೆ ಆಗ ಕೋಚ್ ದ್ರಾವಿಡ್. ಅದೇ ಜುಲೈನಲ್ಲಿ ಎಜ್‌ಬಾಸ್ಟನ್‌ನಲ್ಲಿ ನಾವು 378 ಗುರಿ ಕೊಟ್ಟೆವು. ಇಂಗ್ಲೆಂಡ್ ಮೂರೇ ವಿಕೆಟ್ ಕಳೆದುಕೊಂಡು ಹೊಡೆದು ಬಿಸಾಕಿತು. ಚಿನ್ನಸ್ವಾಮಿಯ ಆ ರಾತ್ರಿ ಬಿಳಿ ಬಟ್ಟೆ ಹಾಕಿಕೊಂಡು ವಾಪಸ್ ಬಂದ ಹಾಗಿತ್ತು.

2024ರ ಫೆಬ್ರವರಿ, ರಾಜ್‌ಕೋಟ್. ಇಂಗ್ಲೆಂಡ್ ಎರಡೇ ವಿಕೆಟ್ ಕಳೆದುಕೊಂಡು ಇನ್ನೂರು ದಾಟಿತ್ತು. ಬೆಳಿಗ್ಗೆ ಬೆಳಿಗ್ಗೆ ಜೋ ರೂಟ್ ಬೂಮ್ರಾಗೆ ರಿವರ್ಸ್ ಸ್ಕೂಪ್, ಅಂದರೆ ಬ್ಯಾಟನ್ನು ಉಲ್ಟಾ ತಿರುಗಿಸಿ ಚೆಂಡನ್ನು ಹಿಂದಕ್ಕೆ ಎತ್ತುವ ಹೊಡೆತ ಆಡಲು ಹೋಗಿ, ಸ್ಲಿಪ್‌ನಲ್ಲಿದ್ದ ಜೈಸ್ವಾಲ್ ಕೈಗೆ ಕೊಟ್ಟ. ಅಲ್ಲಿಂದ ಜಾರಿದ ತಂಡ 319ಕ್ಕೆ ಮುಗಿಯಿತು. ಭಾರತ 434 ರನ್‌ಗಳಿಂದ ಗೆದ್ದಿತು. ಇಂಗ್ಲೆಂಡಿನವರಿಗೆ ಈ ಗಾಯ ಹಳೆಯದು. 1987ರ ವಿಶ್ವಕಪ್ ಫೈನಲ್, ಕೋಲ್ಕತ್ತ. ಗೆಲ್ಲುವ ದಾರಿಯಲ್ಲಿದ್ದಾಗ ಮೈಕ್ ಗ್ಯಾಟಿಂಗ್, ಅಲನ್ ಬಾರ್ಡರ್‌ನ ಮೊದಲ ಎಸೆತಕ್ಕೇ ರಿವರ್ಸ್ ಸ್ವೀಪ್ ಮಾಡಿ ಔಟಾದ. ಏಳು ರನ್ನಿನಿಂದ ಕಪ್ ಹೋಯಿತು.

ರಾಜ್‌ಕೋಟ್ ಆದ ಮೇಲೆ ರಾಂಚಿ. ಅದೇ ರೂಟ್ ಅಲ್ಲಿ 274 ಎಸೆತ ಆಡಿ ಅಜೇಯ 122. ಚಮಕ್ಕಿಲ್ಲ, ಗಿಮಿಕ್ಕಿಲ್ಲ. ಆದರೂ ಪಂದ್ಯ ನಾವೇ ಗೆದ್ದೆವು, ಸರಣಿ 4-1. ಹಾಗಂತ ದ್ರಾವಿಡ್ ಹಳೇ ಕಾಲದವರು ಅಂತ ಮೂಲೆಗೆ ಕೂರಿಸಬೇಡಿ. 2011ರಲ್ಲಿ ಮ್ಯಾಂಚೆಸ್ಟರಿನಲ್ಲಿ ಜೀವನದ ಒಂದೇ ಒಂದು ಅಂತರರಾಷ್ಟ್ರೀಯ ಟಿ20 ಆಡಿದರು. ಸಮಿತ್ ಪಟೇಲ್‌ಗೆ ಸಾಲಾಗಿ ಮೂರು ಸಿಕ್ಸರ್ ಹೊಡೆದು, ಸರಿ ನಮಸ್ಕಾರ ಅಂತ ಹೊರಟರು.

ನಡುವೆ ಒಂದು ಸಣ್ಣ ವಿಷಯ ಹೇಳಿಬಿಡುತ್ತೇನೆ. ಚಿನ್ನಸ್ವಾಮಿಯ ನೆಲದಡಿ 2017ರಿಂದ ನೀರು ಹೀರುವ ವ್ಯವಸ್ಥೆ ಇದೆ. 2015ರಲ್ಲಿ ದಕ್ಷಿಣ ಆಫ್ರಿಕಾ ಟೆಸ್ಟಿನ ನಾಲ್ಕು ದಿನ ಮಳೆಗೆ ಹೋಗಿತ್ತು, ನೆನಪಿದೆಯಾ? ಈಗ ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ. ಈ ಹೊಸದಕ್ಕೆ ಯಾರೂ ಮೂಗು ಮುರಿಯಲಿಲ್ಲ. 2024ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ಟೆಸ್ಟಿನ ಮೊದಲ ದಿನ ಮಳೆ, ಎರಡನೇ ದಿನ ಆಟ. ಮೋಡ ಕವಿದಿತ್ತು. ನಾವು ಬ್ಯಾಟಿಂಗ್ ತೆಗೆದುಕೊಂಡು 46ಕ್ಕೆ ಆಲೌಟ್. ಮ್ಯಾಟ್ ಹೆನ್ರಿ, ಓರೂರ್ಕ್ ಮಾಡಿದ್ದು ಇಷ್ಟೇ: ಚೆಂಡನ್ನು ಒಂದೇ ಜಾಗಕ್ಕೆ ಹಾಕಿ, ಅದು ಆಡುವಷ್ಟು ಆಡಲಿ ಅಂತ ಬಿಟ್ಟರು. ಕೆಳಗೆ ಹೊಸ ಯಂತ್ರ ನೀರು ಹೀರುತ್ತಿದೆ, ಮೇಲೆ ನೂರು ವರ್ಷದ ಹಳೇ ಬೌಲಿಂಗು ವಿಕೆಟ್ ಕೀಳುತ್ತಿದೆ.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳುವ ಹೊತ್ತಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, 2022ರಲ್ಲಿ ಲಾರ್ಡ್ಸ್‌ನಲ್ಲಿ ದೀಪ್ತಿ ಶರ್ಮಾ ನಾನ್ ಸ್ಟ್ರೈಕರ್‌ನ ರನ್ ಔಟ್ ಮಾಡಿದ್ದು ಸರೀನಾ?"

ಸರಿ. ನೂರಕ್ಕೆ ನೂರು. ಬೌಲರ್ ಚೆಂಡು ಬಿಡುವ ಮೊದಲೇ ಅವನ ಪಕ್ಕದ ತುದಿಯ ಬ್ಯಾಟರ್ ಕ್ರೀಸ್ ಬಿಟ್ಟು ಮುಂದೆ ಹೋದರೆ, ಬೌಲರೇ ಬೇಲ್ ಉರುಳಿಸಿ ಔಟ್ ಮಾಡುವುದು, ಅದು. 1947ರಲ್ಲಿ ಸಿಡ್ನಿಯಲ್ಲಿ ವಿನೂ ಮಂಕಡ್ ಬಿಲ್ ಬ್ರೌನ್‌ನನ್ನು ಹೀಗೇ ಔಟ್ ಮಾಡಿದಾಗಲೂ ಸರಿಯೇ ಇತ್ತು. ಎದುರು ನಾಯಕ ಬ್ರಾಡ್ಮನ್ ಕೂಡ ಮಂಕಡ್ ಪರವೇ ನಿಂತರು. ಆದರೂ ದಶಕಗಟ್ಟಲೆ ಅವರ ಹೆಸರನ್ನು ಬೈಗುಳದ ಹಾಗೆ ಬಳಸಿದರು. 2022ರಲ್ಲಿ ಎಂಸಿಸಿ ಇದನ್ನು ಅನ್ಯಾಯದ ಆಟದ ಪಟ್ಟಿಯಿಂದ ತೆಗೆದು ರನ್ ಔಟ್ ಪಟ್ಟಿಗೆ ಸೇರಿಸಿತು. ಆಗಲೇ ಹೇಳಿದೆನಲ್ಲ, ಎದುರಿನವರಿಗೆ ಉತ್ತರ ಇದೆಯಾ ಅಂತ? ಇಲ್ಲಿ ಉತ್ತರ ಬಹಳ ಸುಲಭ. ಕ್ರೀಸ್ ಬಿಡಬೇಡಿ, ಮುಗಿಯಿತು.

ಇಷ್ಟು ಗಟ್ಟಿಯಾಗಿ ಹೇಳುವ ನಾನೇ ಬಹಳ ವರ್ಷದ ಹಿಂದೆ ಒಂದು ಲೀಗ್ ಪಂದ್ಯದಲ್ಲಿ ಅಂಪೈರ್ ಆಗಿದ್ದಾಗ ಏನು ಮಾಡಿದೆ ಗೊತ್ತಾ? ಕೊನೇ ಓವರ್. ಬೌಲರ್ ಹುಡುಗ ಬೇಲ್ ಉರುಳಿಸಿ ಅಪೀಲ್ ಮಾಡಿದ. ಬ್ಯಾಟ್ಸ್‌ಮನ್ ಎರಡಡಿ ಮುಂದಿದ್ದ. ನಾನು ಬೆರಳೆತ್ತುವ ಬದಲು ಅವರ ನಾಯಕನನ್ನು ಕರೆದು, ಅಪೀಲ್ ವಾಪಸ್ ತೆಗೆದುಕೊಳ್ತೀಯಾ ಅಂತ ಕೇಳಿದೆ. ಅವನು ಇಲ್ಲ ಅಂದ. ಮತ್ತೆ ಕೇಳಿದೆ. ಮೂರನೇ ಸಲಕ್ಕೆ ಮುಖ ಸಣ್ಣ ಮಾಡಿಕೊಂಡು ಹೂಂ ಅಂದ. ಬೌಲರಿನ ತಂಡ ಆ ಪಂದ್ಯ ಸೋತಿತು. ಆ ಬೌಲರ್ ಈಗ ಮಲ್ಲೇಶ್ವರದ ಕಡೆ ಇದ್ದಾನೆ, ಆಗಾಗ ಸಿಗುತ್ತಾನೆ. ಕಾಫಿ ಕುಡಿಯುತ್ತೇವೆ. ಬಿಲ್ ಬಂದಾಗ ಅವನು ಜೇಬಿಗೆ ಕೈ ಹಾಕುವುದೇ ಇಲ್ಲ, ನಾನೂ ಕೇಳುವುದಿಲ್ಲ.